ತಿರುಗುವ ಚಕ್ರ, ತಪ್ಪು ತೋರಿಸುವ ಮೀಟರ್

ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಸುತ್ತಲಿನ ತೋಟ, ಹೊಲಗಳ ಕೊಳವೆಬಾವಿಯಿಂದ ಸುಟ್ಟ ಪಂಪುಗಳು ಬರುತ್ತಲೇ ಇರುತ್ತವೆ. ಹಳೆಯ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕಳಿಸುವ ಕೆಲಸ ಮುಗಿಯುವುದೇ ಇಲ್ಲ. ಎನಾಮಲ್ ತಂತಿ ಬೇಕಾದ ಗೇಜಿನಲ್ಲಿ ತೂಕಕ್ಕೆ ಸಿಗುತ್ತದೆ. ಗುಜರಿ ಅಂಗಡಿಗೆ ಹೋದರೆ ಕೆಟ್ಟ ಸ್ಪೀಕರುಗಳ ಕಪ್ಪು ಅಯಸ್ಕಾಂತವೂ, ಹಳೆಯ ಹಾರ್ಡ್ ಡಿಸ್ಕ್ ಒಳಗಿನ ಹೊಳೆಯುವ ನಿಯೋಡಿಮಿಯಂ ತುಂಡುಗಳೂ ಸಿಗುತ್ತವೆ. ಅಯಸ್ಕಾಂತದ ಮೋಟಾರ್ ಕಟ್ಟುವ ಗೀಳು ಹತ್ತಿದವರಿಗೆ ಇದಕ್ಕಿಂತ ಅನುಕೂಲದ ಊರು ಬೇಡ.

ಆ ಗೀಳು ಹತ್ತಿದ, ಐಟಿಐ ಓದಿದ ಯುವಕರೊಬ್ಬರ ಪರಿಚಯ ನನಗಿದೆ. ಅವರ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ಒಂದು ಸೈಕಲ್ ಚಕ್ರ ಅಡ್ಡ ಸರಳಿನ ಮೇಲೆ ನಿಂತಿದೆ. ಚಕ್ರದ ಅಂಚಿಗೆ ಸಮದೂರದಲ್ಲಿ ಎಂಟು ಅಯಸ್ಕಾಂತಗಳು. ಎಲ್ಲದರ ಉತ್ತರ ಧ್ರುವವೂ ಹೊರಮುಖ. ಕೆಳಗೆ ತಂತಿ ಸುತ್ತಿದ ಒಂದು ಕಾಯಿಲ್, ಪಕ್ಕದಲ್ಲಿ ಕರೆಂಟಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಟ್ರಾನ್ಸಿಸ್ಟರ್, ಎರಡು ಬ್ಯಾಟರಿ. ಬೆರಳಿನಿಂದ ಒಮ್ಮೆ ತಳ್ಳಿದರೆ ಸಾಕು, ಚಕ್ರ ತಾನೇ ವೇಗ ಹಿಡಿದು ಗಂಟೆಗಟ್ಟಲೆ ತಿರುಗುತ್ತದೆ. ‘ಸರ್, ಒಂದು ಬ್ಯಾಟರಿ ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ತುಂಬುತ್ತಾ ಹೋಗುತ್ತದೆ. ಆಮೇಲೆ ಅದಲು ಬದಲು ಮಾಡಿದರಾಯಿತಲ್ಲ?’ ಎಂಬುದು ಅವರ ಪ್ರಶ್ನೆ. ನಗುವ ಪ್ರಶ್ನೆಯಲ್ಲ ಇದು. ಇದಕ್ಕೆ ಸರಿಯಾಗಿ ಉತ್ತರಿಸಬೇಕಾದರೆ ವಿದ್ಯುತ್ಕಾಂತ ವಿಜ್ಞಾನದ ಅರ್ಧ ಪಠ್ಯವನ್ನು ಮುಟ್ಟಬೇಕಾಗುತ್ತದೆ.

ಈ ವಿನ್ಯಾಸವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾನ್ ಬೆಡಿನಿ. ಅಲ್ಲಿ ಶಾಲಾ ವಿಜ್ಞಾನ ಮೇಳಕ್ಕೆ ಒಬ್ಬ ಹುಡುಗಿ ಇದನ್ನು ಕಟ್ಟಿ ತೋರಿಸಿದ್ದರಿಂದ ‘ಸ್ಕೂಲ್ ಗರ್ಲ್ ಮೋಟಾರ್’ ಎಂಬ ಹೆಸರೂ ಅಂಟಿಕೊಂಡಿದೆ. ಇದರ ಜಾಣತನ ಇರುವುದು ಕಾಯಿಲ್‌ನಲ್ಲಿ. ಒಂದೇ ಬಾಬಿನ್ ಮೇಲೆ ಎರಡು ತಂತಿಗಳನ್ನು ಜೊತೆಜೊತೆಯಾಗಿ ಸುತ್ತಿರುತ್ತಾರೆ. ನಡುವೆ ಕಬ್ಬಿಣದ ಗಟ್ಟಿ ತುಂಡಿನ ಬದಲು ಗ್ಯಾಸ್ ವೆಲ್ಡಿಂಗಿನ ತೆಳು ಸರಳುಗಳ ಕಂತೆ ಇರುತ್ತದೆ. ಗಟ್ಟಿ ಕಬ್ಬಿಣವಾದರೆ ಅದರೊಳಗೇ ವಿದ್ಯುತ್ತಿನ ಸುಳಿ ಪ್ರವಾಹಗಳು ಎದ್ದು ಬಿಸಿಯಾಗುತ್ತದೆ. ಪಂಪಿನ ಮೋಟಾರಿನ ತಿರುಗದ ಭಾಗವಾದ ಸ್ಟೇಟರನ್ನು ತೆಳು ತಗಡುಗಳಿಂದ ಮಾಡುವುದೂ ಇದೇ ಕಾರಣಕ್ಕೆ.

ಅಯಸ್ಕಾಂತ ಹತ್ತಿರ ಬರುವಾಗ ಕಬ್ಬಿಣ ಅದನ್ನು ಎಳೆಯುತ್ತದೆ. ಅದು ಕಾಯಿಲ್ ದಾಟುವ ಹೊತ್ತಿಗೆ ಎರಡನೆಯ ತಂತಿಯಲ್ಲಿ ಸಣ್ಣ ವೋಲ್ಟೇಜು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ಪ್ರೇರಣೆ ಇದೇ. ಆ ವೋಲ್ಟೇಜು ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ. ಆಗ ಮೊದಲ ತಂತಿಯಲ್ಲಿ ಬ್ಯಾಟರಿಯ ಕರೆಂಟು ಹರಿದು ಕಾಯಿಲ್‌ನ ಮೇಲ್ತುದಿಯೂ ಉತ್ತರ ಧ್ರುವವಾಗಿ, ದಾಟುತ್ತಿರುವ ಅಯಸ್ಕಾಂತವನ್ನು ಹಿಂದಿನಿಂದ ತಳ್ಳುತ್ತದೆ. ಕರೆಂಟಿನ ದಿಕ್ಕು ಬದಲಿಸಲು ಮಾಮೂಲಿ ಡಿಸಿ ಮೋಟಾರಿನಲ್ಲಿ ಇರುವ ಬ್ರಶ್, ಕಮ್ಯುಟೇಟರ್ ಇಲ್ಲಿಲ್ಲ. ಯಾವಾಗ ತಳ್ಳಬೇಕೆಂದು ಚಕ್ರವೇ ಹೇಳುತ್ತದೆ.

ಮುಂದಿನ ಕ್ಷಣದಲ್ಲಿ ನಡೆಯುವುದು ಹವ್ಯಾಸಿಗಳ ತಲೆ ಕೆಡಿಸುವ ಘಟನೆ. ಟ್ರಾನ್ಸಿಸ್ಟರ್ ಹಠಾತ್ತನೆ ಮುಚ್ಚಿಕೊಂಡಾಗ ಕಾಯಿಲ್‌ನ ಕಾಂತಕ್ಷೇತ್ರ ಕುಸಿಯುತ್ತದೆ. ಕರೆಂಟು ಎಷ್ಟು ಬೇಗ ನಿಲ್ಲುತ್ತದೋ ಅಷ್ಟು ಎತ್ತರಕ್ಕೆ ವೋಲ್ಟೇಜು ಚಿಮ್ಮುತ್ತದೆ. 12 ವೋಲ್ಟಿನ ಬ್ಯಾಟರಿಯಿಂದ ನೂರಾರು ವೋಲ್ಟು! ಎರಡನೆಯ ಬ್ಯಾಟರಿಯನ್ನು ತುಂಬುವುದು ಈ ಚಿಮ್ಮಿಕೆಯೇ. ಈ ಸರ್ಕ್ಯೂಟುಗಳಲ್ಲಿ ಸಾಮಾನ್ಯವಾಗಿ ಬಳಸುವ 2ಎನ್3055 ಟ್ರಾನ್ಸಿಸ್ಟರಿನ ತಾಳಿಕೆ 60 ವೋಲ್ಟು ಮಾತ್ರ. ಅದನ್ನು ಕಾಪಾಡಲು ಒಂದು ಪುಟ್ಟ ನಿಯಾನ್ ದೀಪವನ್ನು ಅಡ್ಡ ಹಾಕುತ್ತಾರೆ; ಟೆಸ್ಟರ್ ಸ್ಕ್ರೂಡ್ರೈವರ್ ಒಳಗೆ ಇರುವಂಥದ್ದೇ ದೀಪ. ಮನೆಯ ಕರೆಂಟು ಮುಟ್ಟಿದಾಗ ಹೊತ್ತುವ ದೀಪ ಬರೀ ಬ್ಯಾಟರಿಗೆ ಹೊತ್ತಿಕೊಂಡಿದ್ದನ್ನು ಕಂಡ ಮೇಲೆ, ಎಲ್ಲಿಂದಲೋ ಹೆಚ್ಚುವರಿ ಶಕ್ತಿ ಬರುತ್ತಿದೆ ಎಂದು ಅನಿಸದಿದ್ದರೆ ಆಶ್ಚರ್ಯ. ಆದರೆ ಪೆಟ್ರೋಲ್ ಸ್ಕೂಟರಿನ ಇಗ್ನಿಷನ್ ಕಾಯಿಲ್ ಇಂಥ ಕೆಲಸವನ್ನೇ ಪ್ರತಿದಿನ ಮಾಡುತ್ತದೆ. ಅದು ಸಾವಿರಾರು ವೋಲ್ಟು ಎಬ್ಬಿಸಿ ಕಿಡಿ ಹಾರಿಸುತ್ತದೆ. ಅದಕ್ಕಾಗಿ ಯಾರೂ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವುದನ್ನು ನಿಲ್ಲಿಸಿಲ್ಲ.

ವೋಲ್ಟೇಜಿನ ಎತ್ತರ ಒಂದು, ಶಕ್ತಿಯ ಮೊತ್ತ ಇನ್ನೊಂದು. ಲೆಕ್ಕ ಹಾಕಿ ನೋಡೋಣ. ಕಾಯಿಲ್‌ನ ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣದ ಅಳತೆ) 10 ಮಿಲಿಹೆನ್ರಿ, ಅದರಲ್ಲಿ ಹರಿಯುವ ಕರೆಂಟು 1 ಆಂಪಿಯರ್ ಎಂದುಕೊಳ್ಳಿ. ಕಾಂತಕ್ಷೇತ್ರದಲ್ಲಿ ಕೂಡಿರುವ ಶಕ್ತಿ, ಇಂಡಕ್ಟನ್ಸಿನ ಅರ್ಧವನ್ನು ಕರೆಂಟಿನ ವರ್ಗದಿಂದ ಗುಣಿಸಿದಷ್ಟು: 5 ಮಿಲಿಜೌಲ್. ಎಂಟು ಅಯಸ್ಕಾಂತಗಳ ಚಕ್ರ ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 40 ತಳ್ಳುಗಳು. ಅಂದರೆ ಚಿಮ್ಮಿಕೆಯಿಂದ ಸಿಗುವುದು ಹೆಚ್ಚೆಂದರೆ 0.2 ವ್ಯಾಟ್. ಕರೆಂಟು ನಾಲ್ಕನೇ ಒಂದು ಭಾಗ ಸಮಯ ಮಾತ್ರ ಹರಿಯುತ್ತದೆ ಎಂದಿಟ್ಟುಕೊಂಡರೂ ಬ್ಯಾಟರಿಯಿಂದ ಖರ್ಚಾಗುವುದು ಸುಮಾರು 3 ವ್ಯಾಟ್. ಉಳಿದದ್ದರಲ್ಲಿ ಬಹುಪಾಲು ತಂತಿಯನ್ನು ಬಿಸಿ ಮಾಡುತ್ತದೆ, ಚೂರುಪಾರು ಬೇರಿಂಗಿಗೂ ಗಾಳಿಗೂ ಹೋಗುತ್ತದೆ. ಎರಡನೆಯ ಬ್ಯಾಟರಿಯ ತಂತಿ ಕಿತ್ತರೆ ಚಿಮ್ಮಿಕೆ ನೂರು ವೋಲ್ಟು ದಾಟುತ್ತದೆ, ಸಿಕ್ಕಿಸಿದರೆ ಬ್ಯಾಟರಿ ಅದನ್ನು 13 ವೋಲ್ಟಿನ ಆಸುಪಾಸಿಗೆ ಹಿಡಿದಿಡುತ್ತದೆ. ಎರಡೂ ಸಲ ಇರುವುದು ಅದೇ 5 ಮಿಲಿಜೌಲ್.

ಹಾಗಾದರೆ ‘ಕೊಟ್ಟದ್ದಕ್ಕಿಂತ ಹೆಚ್ಚು ಬಂತು’ ಎಂದು ಪ್ರಾಮಾಣಿಕರೂ ಹೇಳುವುದು ಹೇಗೆ? ಮೀಟರಿನಿಂದ. ನನ್ನ ಪ್ರಕಾರ ಈ ಇಡೀ ಹವ್ಯಾಸದ ಅತ್ಯಂತ ಸ್ವಾರಸ್ಯಕರ ಪಾತ್ರಧಾರಿ ಕೆಲವು ನೂರು ರೂಪಾಯಿಯ ಮಲ್ಟಿಮೀಟರ್. ಏರಿಳಿತವಿಲ್ಲದ ಡಿಸಿಯನ್ನೋ ನಯವಾದ ಏಸಿಯನ್ನೋ ಅಳೆಯಲೆಂದು ಮಾಡಿದ ಉಪಕರಣ ಅದು. ಬಡಿತ ಬಡಿತವಾಗಿ ಹರಿಯುವ ಕರೆಂಟನ್ನು ಕೊಟ್ಟರೆ ಅದಕ್ಕೆ ತೋಚಿದ್ದನ್ನು ಹೇಳುತ್ತದೆ. ಶಕ್ತಿ ಬೇಕಾದರೆ ಪ್ರತಿ ಕ್ಷಣದ ವೋಲ್ಟೇಜನ್ನು ಅದೇ ಕ್ಷಣದ ಕರೆಂಟಿನಿಂದ ಗುಣಿಸಿ, ಆಮೇಲೆ ಸರಾಸರಿ ತೆಗೆಯಬೇಕು. ಬೇರೆ ಬೇರೆಯಾಗಿ ಸರಾಸರಿ ತೆಗೆದು ಗುಣಿಸಿದರೆ ಉತ್ತರ ತಪ್ಪುತ್ತದೆ. ಎರಡರ ತುತ್ತತುದಿಯನ್ನು ಹಿಡಿದು ಗುಣಿಸಿದರಂತೂ ಮುಗಿಯಿತು: 200 ವೋಲ್ಟು, 1 ಆಂಪಿಯರ್, ಆಹಾ, 200 ವ್ಯಾಟ್! ಆ 200 ವೋಲ್ಟು ಇದ್ದದ್ದು ಕಣ್ಣು ಮಿಟುಕಿಸುವುದರ ಸಾವಿರದ ಒಂದು ಪಾಲು ಹೊತ್ತು ಎಂಬುದು ಕಾಗದದ ಮೇಲೆ ಕಾಣುವುದಿಲ್ಲ.

ಸೀಸದ ಬ್ಯಾಟರಿಯೂ ಕಡಿಮೆ ಆಟಗಾರನಲ್ಲ. ಪೂರ್ತಿ ತುಂಬಿದಾಗ ಅದರ ವೋಲ್ಟೇಜು ಸುಮಾರು 12.7, ಅರ್ಧ ಖಾಲಿಯಾದಾಗ ಸುಮಾರು 12.2. ಅರ್ಧದಷ್ಟು ಚಾರ್ಜು ಹೋದರೂ ವ್ಯತ್ಯಾಸ ಅರ್ಧ ವೋಲ್ಟು. ಸ್ವಲ್ಪ ಹೊತ್ತು ಚಾರ್ಜ್ ಮಾಡಿದರೆ ಪ್ಲೇಟುಗಳ ಮೇಲ್ಪದರ ಮಾತ್ರ ಉಬ್ಬಿ ಮೀಟರು 13 ತೋರಿಸುತ್ತದೆ; ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ತಿರುಗುಮುರುಗಾಗಿ, ದಣಿದ ಬ್ಯಾಟರಿಯನ್ನು ಒಂದು ಗಂಟೆ ಬಿಟ್ಟರೆ ಅದರ ವೋಲ್ಟೇಜು ತಾನಾಗಿ ಮೇಲೇಳುತ್ತದೆ. ಬ್ಯಾಟರಿಗಳನ್ನು ಅದಲು ಬದಲು ಮಾಡುವ ಹವ್ಯಾಸಿಗೆ ಈ ಎರಡೂ ವರ್ತನೆಗಳು ಸೇರಿ, ಎರಡೂ ಬ್ಯಾಟರಿಗಳು ತುಂಬುತ್ತಿವೆ ಎಂಬ ಚಿತ್ರ ಕೊಡುತ್ತವೆ. ನಾಲ್ಕಾರು ದಿನ ಬಿಡದೆ ನಡೆಸಿದರೆ ಎರಡೂ ಮಲಗುತ್ತವೆ.

ಬ್ಯಾಟರಿ ಸುಳ್ಳು ಹೇಳುತ್ತದೆಂದರೆ ಬ್ಯಾಟರಿಯನ್ನೇ ತೆಗೆಯಬೇಕು. ಎರಡನೆಯ ಬ್ಯಾಟರಿಯ ಜಾಗದಲ್ಲಿ ವಿದ್ಯುತ್ತನ್ನು ಕೂಡಿಡುವ 10,000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಇಡಿ. ಅದರಲ್ಲಿ ರಾಸಾಯನಿಕದ ಹಂಗಿಲ್ಲ. ವೋಲ್ಟೇಜು ಗೊತ್ತಾದರೆ ಶಕ್ತಿ ಗೊತ್ತಾಯಿತು. ಸೊನ್ನೆಯಿಂದ 12 ವೋಲ್ಟಿಗೆ ಏರಿದರೆ ಒಳಗೆ ಕೂಡಿದ್ದು 0.72 ಜೌಲ್. ಮೇಲಿನ ಲೆಕ್ಕದ ಚಕ್ರಕ್ಕೆ ಇದಕ್ಕೆ ಮೂರೂವರೆ ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಷ್ಟರಲ್ಲಿ ಮೊದಲ ಬ್ಯಾಟರಿ ಕೊಟ್ಟಿರುವುದು ಹತ್ತು ಜೌಲಿಗೂ ಮೇಲೆ. ಈ ಪರೀಕ್ಷೆಗೆ ಬೇಕಾದ ಖರ್ಚು ತೀರಾ ಕಡಿಮೆ. ಅದ್ಭುತ ಯಂತ್ರಗಳನ್ನು ಪ್ರದರ್ಶಿಸುವವರು ಇದನ್ನು ಯಾಕೆ ಮಾಡಿ ತೋರಿಸುವುದಿಲ್ಲ ಎಂದು ಕೇಳಿ ನೋಡಬೇಕು.

ಬ್ಯಾಟರಿಯೇ ಬೇಡ, ಅಯಸ್ಕಾಂತಗಳನ್ನಷ್ಟೇ ಜೋಡಿಸಿ ಚಕ್ರ ತಿರುಗಿಸುತ್ತೇವೆ ಎನ್ನುವವರ ಪರಂಪರೆ ಇನ್ನೂ ಹಳೆಯದು. 12ನೇ ಶತಮಾನದಲ್ಲಿ ನಮ್ಮ ಭಾಸ್ಕರಾಚಾರ್ಯರು ಟೊಳ್ಳು ಅರೆಗಳಲ್ಲಿ ಅರ್ಧ ಪಾದರಸ ತುಂಬಿದ, ತಾನಾಗಿ ತಿರುಗುವ ಚಕ್ರವನ್ನು ವರ್ಣಿಸಿದ್ದರು. 1269ರಲ್ಲಿ ಯುರೋಪಿನ ಪೆಟ್ರಸ್ ಪೆರೆಗ್ರಿನಸ್ ಅಯಸ್ಕಾಂತದಿಂದ ನಿರಂತರ ತಿರುಗುವ ಚಕ್ರದ ಯೋಜನೆ ಬರೆದಿಟ್ಟ. 1979ರಲ್ಲಿ ಹೋವರ್ಡ್ ಜಾನ್ಸನ್ ಎಂಬ ಅಮೆರಿಕನ್ನರಿಗೆ ಶಾಶ್ವತ ಅಯಸ್ಕಾಂತ ಮೋಟಾರಿನ ಪೇಟೆಂಟ್ ಕೂಡ ಸಿಕ್ಕಿತು. ಪೇಟೆಂಟ್ ಸಿಕ್ಕಿತೆಂದರೆ ಯಂತ್ರ ನಡೆಯುತ್ತದೆ ಎಂದಲ್ಲ. ಆ ಮೋಟಾರು ಇವತ್ತಿಗೂ ಯಾವ ಪಂಪನ್ನೂ ತಿರುಗಿಸುತ್ತಿಲ್ಲ.

ಯಾಕೆ ನಡೆಯುವುದಿಲ್ಲ? ಚಿತ್ರದುರ್ಗದ ಕೋಟೆಗೆ ಯಾವ ಬಾಗಿಲಿನಿಂದ ಹತ್ತಿ, ಯಾವ ಕಡೆ ಬಳಸಿ ಬಂದರೂ ಮತ್ತೆ ಮೊದಲ ಬಾಗಿಲಿಗೆ ಇಳಿದಾಗ ನೀವು ಗಳಿಸಿದ ಎತ್ತರ ಸೊನ್ನೆ. ಸ್ಥಿರ ಅಯಸ್ಕಾಂತಗಳ ಕ್ಷೇತ್ರವೂ ಹಾಗೆಯೇ. ಚಕ್ರದ ಅಯಸ್ಕಾಂತ ಹತ್ತಿರ ಬರುವಾಗ ಸೆಳೆತ ಎಷ್ಟು ಶಕ್ತಿ ಕೊಟ್ಟಿತೋ, ದೂರ ಹೋಗುವಾಗ ಅಷ್ಟನ್ನೇ ಹಿಂದಕ್ಕೆ ಕಸಿಯುತ್ತದೆ. ಕೋನ ಬದಲಿಸಿ, ತಗಡು ಅಡ್ಡ ಇಡಿ, ಸುರುಳಿಯಾಗಿ ಜೋಡಿಸಿ. ಒಂದು ಕಡೆ ಇಳಿಜಾರು ಉದ್ದವಾದರೆ ಇನ್ನೊಂದು ಕಡೆ ಏರು ಕಡಿದಾಗುತ್ತದೆ. ಚಕ್ರ ಹೋಗಿ ಒಂದೇ ಜಾಗದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಕಟ್ಟಿ ನೋಡಿದವರಿಗೆಲ್ಲ ಆ ಜಾಗದ ಪರಿಚಯವಿದೆ.

‘ಅಯಸ್ಕಾಂತದೊಳಗೇ ಶಕ್ತಿ ಇದೆಯಲ್ಲ, ಅದನ್ನೇ ತೆಗೆಯೋಣ’ ಎಂದು ಕೆಲವರು ಹೇಳುತ್ತಾರೆ. ಇದೆ, ನಿಜ. ಎಷ್ಟು? ಇವತ್ತಿನ ಒಳ್ಳೆಯ ನಿಯೋಡಿಮಿಯಂ ಅಯಸ್ಕಾಂತದ ಒಂದು ಘನ ಸೆಂಟಿಮೀಟರ್ ತುಂಡಿನಿಂದ ಹೊರಗಿನ ಕ್ಷೇತ್ರದಲ್ಲಿ ಇರಬಹುದಾದ ಶಕ್ತಿ ಹೆಚ್ಚೆಂದರೆ 0.2 ಜೌಲ್. 100 ಗ್ರಾಂ ತೂಕವನ್ನು ಒಂದು ಗೇಣು ಎತ್ತುವಷ್ಟು. 5,000 ಮಿಲಿಆಂಪಿಯರ್ ಅವರ್ ಮೊಬೈಲ್ ಬ್ಯಾಟರಿಯಲ್ಲಿ ಇರುವುದು 66,000 ಜೌಲ್. ಅಯಸ್ಕಾಂತ ತೋರುವ ಬಲ ದೊಡ್ಡದು, ಅದರ ಖಜಾನೆ ಬಹಳ ಚಿಕ್ಕದು. ಕಬ್ಬಿಣದ ಬೀರುವಿಗೆ ವರ್ಷಗಟ್ಟಲೆ ಅಂಟಿಕೊಂಡಿರುವುದು ಬಲದ ಪ್ರದರ್ಶನ ಮಾತ್ರ; ಏನೂ ಚಲಿಸದೆ ಕೆಲಸವಾಗುವುದಿಲ್ಲ.

‘ಕೊಟ್ಟದ್ದಕ್ಕಿಂತ ಹೆಚ್ಚು ಬರುತ್ತದೆ’ ಎಂಬ ವಾದ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು. ಅಮೆರಿಕದ ಮಿಸಿಸಿಪಿಯ ಜೋಸೆಫ್ ನ್ಯೂಮನ್ ಭಾರೀ ಕಾಯಿಲ್, ಬ್ಯಾಟರಿಗಳ ಸಾಲು, ತಿರುಗುವ ಅಯಸ್ಕಾಂತಗಳ ಯಂತ್ರಕ್ಕೆ ಪೇಟೆಂಟ್ ಕೇಳಿ, ಸಿಗದೆ ಮೊಕದ್ದಮೆ ಹೂಡಿದರು. ಕೋರ್ಟಿನ ಆದೇಶದಂತೆ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ 1986ರಲ್ಲಿ ಯಂತ್ರವನ್ನು ಅಳೆಯಿತು. ಬಡಿತದ ಕರೆಂಟಿಗೆ ತಕ್ಕ ಉಪಕರಣಗಳನ್ನೇ ಬಳಸಲಾಗಿತ್ತು. ಪರೀಕ್ಷಿಸಿದ ಎಲ್ಲ ಸ್ಥಿತಿಗಳಲ್ಲೂ ಹೊರಬಂದದ್ದು ಒಳಹೋದದ್ದಕ್ಕಿಂತ ಕಡಿಮೆ.

ಹವ್ಯಾಸಿಗಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ರೈತರಿಗೆ ‘ಕರೆಂಟಿಲ್ಲದ ಜನರೇಟರ್’ ಮಾರಲು ಬರುವವರ ಮೇಲೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ ಬರುವ ಸೀಮೆಯಲ್ಲಿ ಈ ಮಾತಿಗೆ ಕಿವಿ ಬೇಗ ತೆರೆಯುತ್ತದೆ. ಮೋಟಾರು ದೊಡ್ಡ ಫ್ಲೈವೀಲನ್ನು ತಿರುಗಿಸುತ್ತದೆ, ಫ್ಲೈವೀಲು ಆಲ್ಟರ್ನೇಟರನ್ನು ತಿರುಗಿಸುತ್ತದೆ, ಆಲ್ಟರ್ನೇಟರು ಮೋಟಾರಿಗೂ ಪಂಪಿಗೂ ಕರೆಂಟು ಕೊಡುತ್ತದೆ ಎಂಬುದು ಅವರ ಕತೆ. 50 ಕಿಲೋ ತೂಕದ, 60 ಸೆಂಟಿಮೀಟರ್ ಅಗಲದ ಕಬ್ಬಿಣದ ಗಾಲಿ ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಅದರಲ್ಲಿರುವುದು ಸುಮಾರು 28,000 ಜೌಲ್. 5 ಎಚ್‌ಪಿ ಪಂಪಿಗೆ ಅದು ಎಂಟು ಸೆಕೆಂಡೂ ಬಾರದು. ವಿಡಿಯೋದಲ್ಲಿ ಬಲ್ಬು ಉರಿಯುತ್ತಲೇ ಇದ್ದರೆ ಕ್ಯಾಮೆರಾ ಕಾಣದ ಕಡೆ ಒಂದು ತಂತಿ ಹೋಗಿದೆ ಎಂದೇ ಅರ್ಥ. ಲೋಡು ಹಾಕಿದ ಕೂಡಲೇ ಆಲ್ಟರ್ನೇಟರು ಭಾರವಾಗುವುದು 1834ರಲ್ಲಿ ಲೆನ್ಸ್ ಹೇಳಿದ ನಿಯಮ. ಡೀಸೆಲ್ ಜನರೇಟರಿನ ಸದ್ದು ಲೋಡು ಬಿದ್ದಾಗ ಬದಲಾಗುವುದನ್ನು ಕೇಳಿದ ರೈತರಿಗೆ ಈ ನಿಯಮದ ಹೆಸರು ಮಾತ್ರ ಹೊಸದು.

ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ನನ್ನ ಪರಿಚಯದ ಯುವಕರ ಸೈಕಲ್ ಚಕ್ರದಂಥದ್ದು ಪ್ರತಿ ಪ್ರೌಢಶಾಲೆಯ ಮೇಜಿನ ಮೇಲೆ ಇರಬೇಕು ಎಂಬುದು ನನ್ನ ಆಸೆ. ಪ್ರೇರಣೆ, ಸುಳಿ ಪ್ರವಾಹ, ಟ್ರಾನ್ಸಿಸ್ಟರಿನ ಸ್ವಿಚ್ಚಿಂಗ್, ಅಳತೆಯ ದೋಷ, ಎಲ್ಲವೂ ಒಂದೇ ಯಂತ್ರದಲ್ಲಿ ಕಣ್ಣಿಗೆ ಕಾಣುತ್ತವೆ. ನಿಯೋಡಿಮಿಯಂ ತುಂಡುಗಳನ್ನು ಮಾತ್ರ ಗಟ್ಟಿಯಾಗಿ ಕೂರಿಸಿ ಮೇಲೆ ಪಟ್ಟಿ ಬಿಗಿಯಬೇಕು. ವೇಗದಲ್ಲಿ ಕಿತ್ತು ಹಾರಿದರೆ ಕಣ್ಣಿಗೆ ಅಪಾಯ. ಚಿಕ್ಕ ಮಕ್ಕಳ ಕೈಗಂತೂ ಸಿಗಕೂಡದು: ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ನಡುವೆ ಕಚ್ಚಿಕೊಂಡು ತೂತು ಮಾಡುತ್ತವೆ.

ಈ ಚಕ್ರದ ಸಭ್ಯ ಸಂಬಂಧಿ ಈಗಾಗಲೇ ಅನೇಕ ಮನೆಗಳ ಸೂರಿನಲ್ಲಿ ತಿರುಗುತ್ತಿದೆ. ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ಎಂದರೆ ಸುತ್ತ ಅಯಸ್ಕಾಂತಗಳು, ನಡುವೆ ಕಾಯಿಲ್‌ಗಳು, ಯಾವ ಕಾಯಿಲ್‌ಗೆ ಯಾವಾಗ ಕರೆಂಟು ಎಂದು ನಿರ್ಧರಿಸುವ ಒಂದು ಬೋರ್ಡು. ಹಳೆಯ ಫ್ಯಾನು 70–75 ವ್ಯಾಟ್ ತಿನ್ನುವ ಕಡೆ ಇದು 30 ವ್ಯಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಹಳೆಯ ಫ್ಯಾನಿನಲ್ಲಿ ತಿರುಗುವ ಭಾಗದೊಳಗೆ ಕರೆಂಟು ಹುಟ್ಟಿಸಿ ಅದನ್ನು ಅಯಸ್ಕಾಂತವಾಗಿಸಬೇಕಿತ್ತು, ಆ ಕರೆಂಟು ಬಿಸಿಯಾಗಿ ಪೋಲಾಗುತ್ತಿತ್ತು. ಶಾಶ್ವತ ಅಯಸ್ಕಾಂತ ಆ ಖರ್ಚನ್ನು ಉಳಿಸಿತು. ಅಯಸ್ಕಾಂತ ಶಕ್ತಿಯನ್ನು ಕೊಡಲಿಲ್ಲ, ಪೋಲನ್ನು ತಪ್ಪಿಸಿತು. ರಿವೈಂಡಿಂಗ್ ಅಂಗಡಿಗೆ ಇಂಥ ಫ್ಯಾನು ಬಂದಾಗ ಸಾಮಾನ್ಯವಾಗಿ ಕೆಟ್ಟಿರುವುದು ಕಾಯಿಲ್ ಅಲ್ಲ, ಬೋರ್ಡು. ಅದನ್ನು ಬಿಚ್ಚಿ ಓದಬಲ್ಲ ಕೈಗಳು ಸೈಕಲ್ ಚಕ್ರ, ಒಂದು ಟ್ರಾನ್ಸಿಸ್ಟರ್ ಇಟ್ಟುಕೊಂಡು ರಾತ್ರಿ ಕಳೆಯುವ ಇಂಥ ಹುಡುಗರಲ್ಲೇ ಪಳಗುತ್ತಿವೆ.