ಮನಸ್ಸು ಬರಲಿ ಎಂದು ಕಾಯುವುದೇಕೆ ತಪ್ಪು: ದಿನಚರಿ ಮತ್ತು ಮಾನಸಿಕ ಆರೋಗ್ಯ

ಸಮಾಜಕಾರ್ಯ ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ದಿನಚರಿ ಮತ್ತು ಮಾನಸಿಕ ಆರೋಗ್ಯದ ಭಾಗವನ್ನು ಪರೀಕ್ಷೆಯ ಹಿಂದಿನ ರಾತ್ರಿಗೆ ಬಿಟ್ಟುಬಿಡುತ್ತೇವೆ. ಬೇಗ ಮಲಗಿ, ಸ್ವಲ್ಪ ನಡೆಯಿರಿ, ನಾಲ್ಕು ಜನರೊಡನೆ ಬೆರೆಯಿರಿ ಎಂದು ಅಜ್ಜಿ ಹೇಳುತ್ತಿದ್ದುದೇ ಇಲ್ಲಿಯೂ ಇದೆ ಎಂಬ ಭಾವನೆ. ಆದರೆ ನಾಳೆ ನಮ್ಮ ಮುಂದೆ ಬಂದು ಕುಳಿತವರು, "ಎಲ್ಲ ಗೊತ್ತು, ಮಾಡಲು ಮನಸ್ಸೇ ಬರುತ್ತಿಲ್ಲ" ಎನ್ನುತ್ತಾರೆ. ಈ ಒಂದು ಮಾತಿಗೆ ಏನು ಉತ್ತರ ಕೊಡಬೇಕು ಎಂದು ಹುಡುಕುತ್ತಾ ಬರೆದುಕೊಂಡ ಟಿಪ್ಪಣಿ ಇದು.

ಮನಸ್ಸಿದ್ದರೆ ಮಾರ್ಗ ಎಂಬ ಗಾದೆ ಗಟ್ಟಿಯಾಗಿರುವ ಮನಸ್ಸಿಗೆ ಸರಿ. ಕುಗ್ಗಿದ ಮನಸ್ಸಿಗೆ ಅದು ಇನ್ನೊಂದು ಹೊರೆ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್ಸನ್ ಖಿನ್ನತೆಯನ್ನು ವಿವರಿಸಿದ ರೀತಿ ಇಲ್ಲಿ ಬಹಳ ನೆರವಾಗುತ್ತದೆ. ಬದುಕಿನಲ್ಲಿ ನಮ್ಮ ನಡೆಗೆ ಸಿಗುತ್ತಿದ್ದ ಸಣ್ಣ ಸಣ್ಣ ಪ್ರತಿಫಲಗಳು ನಿಂತುಹೋದಾಗ ಉತ್ಸಾಹ ಇಳಿಯುತ್ತದೆ. ಉತ್ಸಾಹ ಇಳಿದಂತೆ ಮನುಷ್ಯ ಹಿಂದೆ ಸರಿಯುತ್ತಾನೆ. ಸರಿದಷ್ಟೂ ಉಳಿದ ಪ್ರತಿಫಲಗಳೂ ಕೈತಪ್ಪುತ್ತವೆ.

ನಿವೃತ್ತರಾದ ಒಬ್ಬ ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ಶಾಲೆಯ ಗಂಟೆ, ದಾರಿಯಲ್ಲಿ "ನಮಸ್ಕಾರ ಸಾರ್" ಎನ್ನುವ ಮಕ್ಕಳು, ಸಂಜೆ ಹೋಟೆಲಿನಲ್ಲಿ ಗೆಳೆಯರೊಡನೆ ಕಾಫಿ, ಎಲ್ಲವೂ ಒಂದೇ ತಿಂಗಳಲ್ಲಿ ನಿಂತವು. ಈಗ ಜಗಲಿಯ ಕುರ್ಚಿ ಬಿಟ್ಟು ಏಳುವುದಿಲ್ಲ. ಯಾರನ್ನು ನೋಡುವುದಕ್ಕೂ ಮನಸ್ಸಿಲ್ಲ. ಅವರಿಗೆ "ಯೋಗ ತರಗತಿಗೆ ಸೇರಿ" ಎಂದರೆ ಮೊದಲ ದಿನವೇ ಸೋಲು. ಗೇಟಿನವರೆಗೆ ಹೋಗಿ ಪತ್ರಿಕೆ ತನ್ನಿ ಎನ್ನಬಹುದು. ಅದು ರೂಢಿಯಾದ ಮೇಲೆ ಹಾಲಿನ ಬೂತಿನವರೆಗೆ. ಮನಸ್ಸು ಬಂದ ಮೇಲೆ ಏಳುವುದರ ಬದಲು, ಗಂಟೆ ಏಳಾಯಿತು ಎಂಬ ಕಾರಣಕ್ಕೆ ಏಳುವುದು. ಕ್ರಿಯೆ ಮೊದಲು, ಉತ್ಸಾಹ ಆಮೇಲೆ. ಬಿಹೇವಿಯರಲ್ ಆಕ್ಟಿವೇಷನ್ ಎಂಬ ಚಿಕಿತ್ಸೆಯ ತಿರುಳು ಇಷ್ಟೇ. ಮನಶ್ಶಾಸ್ತ್ರಜ್ಞ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋಚನೆಗಳನ್ನು ತಿದ್ದುವ ಭಾಗವನ್ನು ಬಿಟ್ಟು ಈ ಭಾಗವನ್ನಷ್ಟೇ ಕೊಟ್ಟಾಗಲೂ ಎರಡೂ ಸೇರಿದ ಪೂರ್ಣ ಅರಿವಿನ ಚಿಕಿತ್ಸೆಗೆ (ಕಾಗ್ನಿಟಿವ್ ಥೆರಪಿ) ಸರಿಸಮನಾದ ಫಲ ಕಂಡಿತು. ಉತ್ತರ ಬರೆಯುವಾಗ ಈ ವರ್ಷವನ್ನು ಮರೆಯಬೇಡಿ.

ಇದರ ಉಪಕರಣ ಒಂದು ಸಾದಾ ಪಟ್ಟಿ. ಗಂಟೆಗೊಂದು ಸಾಲು: ಏನು ಮಾಡಿದೆ, ಎಷ್ಟು ಖುಷಿಯಾಯಿತು, ಮಾಡಿ ಮುಗಿಸಿದೆ ಎಂಬ ತೃಪ್ತಿ ಎಷ್ಟು. ಎರಡಕ್ಕೂ 0ಯಿಂದ 10ರವರೆಗೆ ಅಂಕ. ಎರಡನ್ನು ಬೇರೆ ಬೇರೆಯಾಗಿ ಕೇಳುವುದರಲ್ಲೇ ಜಾಣ್ಮೆಯಿದೆ. ಬಟ್ಟೆ ಮಡಿಸಿಟ್ಟಾಗ ಖುಷಿ ಸೊನ್ನೆ ಇರಬಹುದು, ತೃಪ್ತಿ ಮೂರು ಇರಬಹುದು. ಆ ಮೂರನ್ನು ಹಿಡಿದುಕೊಂಡೇ ಮುಂದೆ ಹೋಗಬೇಕು.

ಇನ್ನು ನಿದ್ರೆ. ನಾನು ಅತಿ ಹೆಚ್ಚು ಸಮಯ ಕೊಟ್ಟ ಭಾಗ ಇದೇ, ಏಕೆಂದರೆ ಉಳಿದ ಅಭ್ಯಾಸಗಳೆಲ್ಲ ಇದರ ಮೇಲೆ ನಿಂತಿವೆ. ನಿದ್ರೆಯನ್ನು ಎರಡು ಶಕ್ತಿಗಳು ನಡೆಸುತ್ತವೆ. ಮೊದಲನೆಯದು ನಿದ್ರೆಯ ಒತ್ತಡ: ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತಾ ಕಣ್ಣು ಎಳೆಯುತ್ತದೆ. ಕಾಫಿಯ ಕೆಫೀನ್ ಈ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ದೇಹದಲ್ಲಿ ಅದರ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಬೇಕು. ಅಂದರೆ ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ, ರಾತ್ರಿ ಹನ್ನೊಂದಕ್ಕೂ ಒಳಗೆ ಕೆಲಸ ಮಾಡುತ್ತಿರುತ್ತದೆ.

ಎರಡನೆಯದು ಜೈವಿಕ ಗಡಿಯಾರ. ಮಿದುಳಿನ ಹೈಪೋಥಲಾಮಸ್‌ನಲ್ಲಿರುವ ಪುಟ್ಟ ನರಕೋಶಗಳ ಗುಂಪೊಂದು ಕಣ್ಣಿಗೆ ಬಿದ್ದ ಬೆಳಕನ್ನು ನೋಡಿ ಸಮಯ ಹೊಂದಿಸಿಕೊಳ್ಳುತ್ತದೆ. ಆದ್ದರಿಂದ ಮಲಗುವ ಸಮಯಕ್ಕಿಂತ ಏಳುವ ಸಮಯವನ್ನು ಗಟ್ಟಿ ಮಾಡಿಕೊಳ್ಳುವುದು ಸುಲಭ: ಭಾನುವಾರವೂ ಅದೇ ಹೊತ್ತಿಗೆ ಎದ್ದು, ಹತ್ತು ಹದಿನೈದು ನಿಮಿಷ ಹೊರಗಿನ ಬೆಳಕಿನಲ್ಲಿ ನಿಲ್ಲಿ. ಮಲೆನಾಡಿನ ಮಳೆಗಾಲದ ಮೋಡದಲ್ಲೂ ಹಗಲಿನ ಬೆಳಕು ಕೋಣೆಯ ಟ್ಯೂಬ್‌ಲೈಟಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ.

ಹಾಸಿಗೆಯ ವಿಷಯದಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ ನಿಯಮ ಇಂದಿಗೂ ನಿದ್ರಾಹೀನತೆಯ ಚಿಕಿತ್ಸೆಯಲ್ಲಿದೆ. ಹಾಸಿಗೆಯ ಮೇಲೆ ಓದು, ಊಟ, ಮೊಬೈಲ್ ಬೇಡ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಎದ್ದು ಬೇರೆಡೆ ಕುಳಿತು, ಕಣ್ಣು ಎಳೆದಾಗಷ್ಟೇ ಮರಳಿ. ಹಾಸ್ಟೆಲಿನಲ್ಲಿ ಮಂಚವೇ ಮೇಜು, ಮಂಚವೇ ಊಟದ ಮನೆ. ನಾನು ಮೊದಲ ಸೆಮಿಸ್ಟರಿನಲ್ಲಿ ಮಂಚದ ಮೇಲೆಯೇ ಓದಿ, ದೀಪ ಆರಿಸಿದ ಮೇಲೆ ಎರಡು ಗಂಟೆ ಹೊರಳಾಡುತ್ತಿದ್ದೆ. ಓದನ್ನು ಗ್ರಂಥಾಲಯಕ್ಕೆ ಸಾಗಿಸಿದ ಮೇಲೆ ಮೂರನೆಯ ವಾರದ ಹೊತ್ತಿಗೆ ವ್ಯತ್ಯಾಸ ಗೊತ್ತಾಯಿತು.

ದೀಪ ಆರಿಸಿದ ಕೂಡಲೇ ಮುತ್ತುವ ಚಿಂತೆಗೆ? "ಚಿಂತೆ ಬಿಡಿ" ಎಂಬ ಸಲಹೆ ಯಾರಿಗೂ ಉಪಯೋಗವಾಗಿಲ್ಲ. ಬೇಡವೆಂದು ತಳ್ಳಿದ ಯೋಚನೆ ಇನ್ನಷ್ಟು ಬಲವಾಗಿ ಬರುತ್ತದೆ. ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ 1983ರಲ್ಲಿ ಬೇರೆ ದಾರಿ ಹಿಡಿದರು: ಚಿಂತೆಗೆಂದೇ ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗ, ಒಂದೇ ಹೊತ್ತು. ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು "ಸಂಜೆ ಐದಕ್ಕೆ" ಎಂದು ಮುಂದೂಡುವುದು. ಅದೇ ಧಾಟಿಯ 2018ರ ಒಂದು ಪ್ರಯೋಗದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ರೆಗೆ ಜಾರಿದರು.

ನಡಿಗೆ, ಉಸಿರಾಟದ ಬಗ್ಗೆ ಎರಡೇ ಸಾಲು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದರಿಂದ, ಆತಂಕದಲ್ಲಿ ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ.

ಹೊಸ ಅಭ್ಯಾಸವನ್ನು ಹಳೆಯದರ ಬಾಲಕ್ಕೆ ಕಟ್ಟಬೇಕು: ಹಲ್ಲುಜ್ಜಿದ ಮೇಲೆ ಅಂಗಳ, ತಿಂಡಿಯಾದ ಮೇಲೆ ಪಟ್ಟಿ. 21 ದಿನಗಳಲ್ಲಿ ಅಭ್ಯಾಸ ಆಗಿಬಿಡುತ್ತದೆ ಎಂಬ ಮಾತನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಲಂಡನ್ನಿನ ಫಿಲಿಪ್ಪಾ ಲಾಲಿ ತಂಡದ ಅಧ್ಯಯನದಲ್ಲಿ ಮಧ್ಯಾಂಕ 66 ದಿನ (ಅರ್ಧದಷ್ಟು ಜನಕ್ಕೆ ಅಷ್ಟರೊಳಗೆ ಅಭ್ಯಾಸವಾಯಿತು), ವ್ಯಾಪ್ತಿ 18ರಿಂದ 254. ಅದರಲ್ಲೇ ನನಗೆ ಅತ್ಯಂತ ನೆಮ್ಮದಿ ಕೊಟ್ಟ ಅಂಶವೂ ಇದೆ: ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ.

ಇದೆಲ್ಲದಕ್ಕೂ ಒಂದು ಗಡಿಯಿದೆ, ಅದನ್ನು ಹೇಳದೆ ಈ ಪಾಠ ಹೇಳುವುದು ಅನ್ಯಾಯ. ಬೇಸರ, ನಿರಾಸಕ್ತಿ ಎರಡು ವಾರ ಬಿಡದೆ ಇದ್ದು, ನಿದ್ರೆ, ಊಟ, ಕೆಲಸ ಕೆಟ್ಟಿದ್ದರೆ ವೈದ್ಯರು ನೋಡಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಟ್ಟದ ಸೇವೆಯ ಬೇರು ನಮ್ಮ ಬಳ್ಳಾರಿಯಲ್ಲಿದೆ: 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಮೇಷ್ಟ್ರು ಊಟ ಬಿಟ್ಟಿದ್ದರೆ, "ಇನ್ನು ಇದ್ದೇನು ಪ್ರಯೋಜನ" ಎಂದಿದ್ದರೆ, ಅವರ ಕೈಗೆ ಪಟ್ಟಿ ಕೊಟ್ಟು ಬರುವ ಹಾಗಿಲ್ಲ. ಒಬ್ಬರನ್ನೇ ಬಿಡದೆ, ನಾವೇ ಜೊತೆಯಲ್ಲಿ ಕೂರಿಸಿಕೊಂಡು ಅಂದೇ ಜಿಲ್ಲಾಸ್ಪತ್ರೆಗೆ ಹೋಗಬೇಕು.