ಬಿಸಿಲಿಲ್ಲದ ಊರಿನ ಒಣಮೀನು

ಇಂಗ್ಲೆಂಡಿನ ಈಶಾನ್ಯಕ್ಕೆ, ನಾರ್ತಂಬರ್‌ಲೆಂಡ್ ಕರಾವಳಿಯಲ್ಲಿ, ಕ್ರಾಸ್ಟರ್ ಅಂತ ಒಂದು ಪುಟ್ಟ ಊರಿದೆ. ಸಣ್ಣ ಬಂದರು, ಒಂದಷ್ಟು ಕಲ್ಲಿನ ಮನೆಗಳು, ಮತ್ತೆ ಚಾವಣಿಯ ಸಂದಿಯಿಂದ ಹೊಗೆ ಸೂಸುತ್ತಿರುವ ಒಂದು ಹಳೇ ಕಟ್ಟಡ. ಹೊಸಬರು ನೋಡಿದರೆ ಬೆಂಕಿ ಬಿದ್ದಿದೆ ಅಂತ ಗಾಬರಿಯಾಗಬಹುದು. ಒಳಗೆ ಸಾಲುಸಾಲಾಗಿ ಮೀನು ನೇತಾಡುತ್ತಿರುತ್ತದೆ, ಅಷ್ಟೇ.

ಆ ಮೀನಿನ ಹೆಸರು ಹೆರಿಂಗ್. ನಮ್ಮ ಬೂತಾಯಿಗೆ ದೂರದ ನೆಂಟ. ಅದನ್ನು ಬೆನ್ನಿನ ಕಡೆಯಿಂದ ಸೀಳಿ, ಕರುಳು ತೆಗೆದು, ಸ್ವಲ್ಪ ಹೊತ್ತು ಉಪ್ಪುನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಓಕ್ ಮರದ ಹೊಟ್ಟಿನ ಹೊಗೆಗೆ ತೂಗುಹಾಕುತ್ತಾರೆ. ಸುಮಾರು 16 ಗಂಟೆ ಹೊಗೆ ಕುಡಿದ ಮೇಲೆ ಅದು ಹೆರಿಂಗ್ ಹೋಗಿ ಕಿಪ್ಪರ್ ಆಗುತ್ತದೆ. ಕ್ರಾಸ್ಟರ್ ಹೆಸರು ಕೇಳಿದರೆ ಇಂಗ್ಲೆಂಡಿನವರಿಗೆ ಮೊದಲು ನೆನಪಾಗುವುದೇ ಇದು.

ಇಷ್ಟೆಲ್ಲ ಯಾಕೆ ಬೇಕು? ಮಲ್ಪೆಯಲ್ಲಾದರೆ ಮೀನಿಗೆ ಉಪ್ಪು ಹಾಕಿ ಬಿಸಿಲಿಗೆ ಹರಡಿದರೆ ಆಯಿತು. ಕ್ರಾಸ್ಟರ್‌ನಲ್ಲಿ ಆ ಬಿಸಿಲನ್ನು ನಂಬುವ ಹಾಗಿಲ್ಲ. ಉತ್ತರ ಸಮುದ್ರದಿಂದ ತಣ್ಣಗಿನ, ತೇವದ ಗಾಳಿ ಬೀಸುತ್ತಲೇ ಇರುತ್ತದೆ. ಇನ್ನೊಂದು ತೊಂದರೆ ಮೀನಿನದ್ದೇ. ಬೇಸಿಗೆಯಲ್ಲಿ ಚೆನ್ನಾಗಿ ಮೇಯ್ದ ಹೆರಿಂಗ್‌ನ ತೂಕದಲ್ಲಿ ಶೇ 20ರಷ್ಟು ಕೊಬ್ಬೇ ಇರಬಹುದು. ಅದೂ ಗಾಳಿಯ ಆಮ್ಲಜನಕ ತಗುಲಿದ ಕೂಡಲೇ ಕೆಡುವ ಜಾತಿಯ ಕೊಬ್ಬು, ಈಗ ಎಲ್ಲರ ಬಾಯಲ್ಲೂ ಇರುವ ಒಮೆಗಾ-3. ಹಳೇ ಕಡಲೆಕಾಯಿ ಕಮಟು ಹಿಡಿಯುತ್ತದಲ್ವಾ, ಇದೂ ಹಾಗೆಯೇ. ಇನ್ನೂ ಬೇಗ.

ಹೊಗೆ ಇಲ್ಲಿ ಎರಡು ಕೆಲಸ ಮಾಡುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ನಿಧಾನ ಉರಿಯಲ್ಲಿ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಮುಂತಾದ ಫೀನಾಲ್‌ಗಳು ಹುಟ್ಟುತ್ತವೆ. 'ಹೊಗೆ ವಾಸನೆ' ಅಂತ ನಮ್ಮ ಮೂಗು ಗುರುತಿಸುವುದು ಬಹುಪಾಲು ಇವನ್ನೇ. ಇವು ಮೀನಿನ ಮೇಲೆ ಕೂತು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತವೆ. ಜೊತೆಗೆ ಕೊಬ್ಬು ಆಮ್ಲಜನಕದ ಜೊತೆ ಸೇರದಂತೆಯೂ ತಡೆಯುತ್ತವೆ. ಅಂದರೆ ರುಚಿ ಕೊಡುವುದೂ ಅದೇ, ಕಾವಲು ಕಾಯುವುದೂ ಅದೇ. ಕೊಡಗಿನಲ್ಲಿ ಮಳೆಗಾಲದ ದಿನ ಒಲೆಯ ಮೇಲೆ ಮಾಂಸ ತೂಗುಹಾಕುವುದರ ಹಿಂದೆಯೂ ಇದೇ ಲೆಕ್ಕ.

ಉಪ್ಪುನೀರಿನದ್ದು ನನಗೆ ಇನ್ನೂ ಇಷ್ಟವಾದ ಸಂಗತಿ. ಉಪ್ಪು ನೀರನ್ನು ಹೊರಗೆಳೆಯುತ್ತದೆ ಅನ್ನುವುದು ಉಪ್ಪಿನಕಾಯಿ ಹಾಕುವವರಿಗೆಲ್ಲ ಗೊತ್ತು. ಅದರ ಜೊತೆಗೆ ಅದು ಮಾಂಸದ ಮೇಲ್ಪದರದ ಪ್ರೋಟೀನನ್ನು ಸ್ವಲ್ಪ ಕರಗಿಸುತ್ತದೆ. ನೀರು ಬಸಿದ ಮೇಲೆ ಆ ಅಂಟು ಒಣಗಿ ತೆಳುವಾದ ಹೊಳಪಿನ ಪೊರೆಯಾಗುತ್ತದೆ. ಹೊಗೆ ಚೆನ್ನಾಗಿ ಹಿಡಿಯುವುದು ಈ ಪೊರೆಗೆ. ಹೊಗೆಯಲ್ಲಿನ ಕೆಲವು ಅಣುಗಳು ಪ್ರೋಟೀನಿನ ಜೊತೆ ಸೇರಿದಾಗ ಆ ತಾಮ್ರದ ಬಣ್ಣ ಬರುತ್ತದೆ.

ಹೊಗೆ ಬಿಸಿಯಾಗಬಾರದು. ಸುಮಾರು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೀನು ಮೆತ್ತಗಾಗಿ, ಎಣ್ಣೆ ಸುರಿಸಿ, ಕೊಕ್ಕೆಯಿಂದ ಜಾರಿ ಬೀಳಬಹುದು. ಜ್ವಾಲೆ ಎದ್ದರೆ ಹೊಗೆಯಲ್ಲಿ ಕೆಟ್ಟ ವಸ್ತುಗಳೂ ಜಾಸ್ತಿ. ಅದಕ್ಕೇ ಹೊಟ್ಟಿನ ರಾಶಿಯನ್ನು ಉರಿಸದೆ, ಸುಮ್ನೆ ಕನಲಲು ಬಿಡುತ್ತಾರೆ.

ಇದಕ್ಕೊಂದು ಕಳ್ಳದಾರಿಯೂ ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಹೊಗೆಯ ಹೊತ್ತು ಉಳಿಸಲು ಮೀನಿಗೆ ಬಣ್ಣ ಬಳಿಯುವುದು ಶುರುವಾಯಿತು. ಮುಂದೆ ಬಳಕೆಗೆ ಬಂದ ಒಂದು ಬಣ್ಣದ ಹೆಸರೇ 'ಬ್ರೌನ್ ಎಫ್‌ಕೆ'. ಎಫ್‌ಕೆ ಅಂದರೆ 'ಫಾರ್ ಕಿಪ್ಪರ್ಸ್'. ಹೆಸರಿಡುವುದರಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ! ಕ್ರಾಸ್ಟರ್‌ನವರು ಮಾತ್ರ ಈಗಲೂ ಓಕ್ ಹೊಗೆಯ ಬಣ್ಣವನ್ನೇ ನೆಚ್ಚಿಕೊಂಡಿದ್ದಾರೆ.

ಮನೆಗೆ ತಂದ ಕಿಪ್ಪರನ್ನು ಬೇಯಿಸುವ ಹಳೇ ಕ್ರಮ ತುಂಬ ಸುಲಭ. ಎತ್ತರದ ಜಗ್ಗಿನಲ್ಲಿ ಮೀನನ್ನು ತಲೆಕೆಳಗಾಗಿ ನಿಲ್ಲಿಸಿ, ಬಾಲ ಮಾತ್ರ ಹೊರಗುಳಿಯುವಂತೆ ಕುದಿಯುವ ನೀರು ಸುರಿದು ಐದಾರು ನಿಮಿಷ ಬಿಡುವುದು. ಬಾಣಲೆಗೆ ಹಾಕಿದರೆ ವಾಸನೆ ಪರದೆಗಳಿಗೆಲ್ಲ ಹತ್ತುತ್ತದೆ, ಇದರಲ್ಲಿ ಆ ಗೋಳು ಕಡಿಮೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಕಂದು ಬ್ರೆಡ್ಡು, ಒಂದು ಹೋಳು ನಿಂಬೆ. ನಿಂಬೆ ರುಚಿಗಷ್ಟೇ ಇರುವುದಲ್ಲ. ಮೀನಿನ ನಾತಕ್ಕೆ ಮುಖ್ಯ ಕಾರಣ ಟ್ರೈಮಿಥೈಲಮೈನ್. ಹುಳಿ ಬಿದ್ದರೆ ಅದು ಹಾರಿ ಮೂಗಿಗೆ ಬರಲಾಗದ ರೂಪಕ್ಕೆ ತಿರುಗುತ್ತದೆ. ಮೀನುಸಾರಿಗೆ ಹುಣಸೆ ಕಿವುಚುವವರು ಈ ರಸಾಯನಶಾಸ್ತ್ರವನ್ನು ದಿನಾ ಮಾಡುತ್ತಾರೆ.

ಉಳಿದ ಕಿಪ್ಪರನ್ನು ಮುಳ್ಳು ಬಿಡಿಸಿ ಬೆಣ್ಣೆಯ ಜೊತೆ ಅರೆದು ಬ್ರೆಡ್ಡಿಗೆ ಹಚ್ಚುವುದುಂಟು. ಇಲ್ಲವೇ ಕೆಡ್ಜರೀ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಇದು ನಮ್ಮ ಖಿಚಡಿ. ಬ್ರಿಟಿಷರ ಜೊತೆ ಹಡಗು ಹತ್ತಿ ಹೋಯಿತು. ಅಲ್ಲಿ ಬೇಳೆ ಬಿಟ್ಟು ಹೊಗೆಮೀನು, ಬೇಯಿಸಿದ ಮೊಟ್ಟೆ ಸೇರಿಸಿಕೊಂಡಿತು. ಹ್ಯಾಡಕ್ ಮೀನು ಹಾಕುವುದೇ ಜಾಸ್ತಿ, ಕಿಪ್ಪರ್ ಕೂಡ ನಡೆಯುತ್ತದೆ.

ಇದೇ ಸೀಮೆಯ ಚಹಾದ ಹೊತ್ತಿನ ತಿಂಡಿ 'ಸಿಂಗಿಂಗ್ ಹಿನ್ನಿ', ಅಂದರೆ ಹಾಡುವ ಚಿನ್ನ. ಕಾವಲಿಯ ಮೇಲೆ ಸುಡುವ ದಪ್ಪ ರೊಟ್ಟಿ ಅದು. ಹಿಟ್ಟಿಗೆ ಸೇರಿಸಿದ ಬೆಣ್ಣೆ, ಹಂದಿಕೊಬ್ಬು ಕರಗಿ, ಅದರೊಳಗಿನ ನೀರು ಆವಿಯಾಗಿ ಸಿಡಿಯುವಾಗ ಚುಯ್‌ಗುಟ್ಟುತ್ತದೆ. ಹಾಡು ಅದೇ.

ಊರಿನಿಂದ ಸಮುದ್ರದ ಅಂಚಿಗೇ ಸುಮಾರು ಎರಡು ಕಿಲೋಮೀಟರ್ ನಡೆದರೆ ಡನ್‌ಸ್ಟನ್‌ಬರಾ ಕೋಟೆ ಸಿಗುತ್ತದೆ. 1313ರಲ್ಲಿ ಕಟ್ಟಲು ಶುರು ಮಾಡಿದ್ದು, ಈಗ ಪಾಳು. ಅದು ನಿಂತಿರುವ ಕಪ್ಪು ಬಂಡೆಗೆ ವಿನ್ ಸಿಲ್ ಅನ್ನುತ್ತಾರೆ. ಸುಮಾರು 29.5 ಕೋಟಿ ವರ್ಷಗಳ ಹಿಂದೆ ನೆಲದೊಳಗೇ ನುಗ್ಗಿ ಗಟ್ಟಿಯಾದ ಶಿಲಾಪಾಕ ಇದು. ಸುತ್ತಲಿನ ಮೆದು ಕಲ್ಲು ಸವೆದು ಹೋದ ಮೇಲೆ ಎದ್ದು ಕಾಣತೊಡಗಿತು.

ಹೆರಿಂಗ್‌ನದ್ದು ಮಾತ್ರ ಬೇಸರದ ಕತೆ. ಒಂದು ಕಾಲಕ್ಕೆ ಮೀನುಗಾರರು 'ಬೆಳ್ಳಿ ಮುದ್ದುಗಳು' ಅಂತ ಕರೆಯುತ್ತಿದ್ದ ಈ ಮೀನನ್ನು ಮಿತಿಮೀರಿ ಹಿಡಿದರು. 1977ರಲ್ಲಿ ಉತ್ತರ ಸಮುದ್ರದಲ್ಲಿ ಹೆರಿಂಗ್ ಬೇಟೆಯನ್ನೇ ಕೆಲವು ವರ್ಷ ನಿಲ್ಲಿಸಬೇಕಾಯಿತು. ಕ್ರಾಸ್ಟರ್‌ನ ಪುಟ್ಟ ಬಂದರಿಗೆ ಈಗ ಬರುವುದು ಏಡಿ, ಲಾಬ್‌ಸ್ಟರ್. ಕಿಪ್ಪರಿಗೆ ಬೇಕಾದ ಹೆರಿಂಗ್ ದೂರದ ಸಮುದ್ರಗಳಿಂದ ಬರುತ್ತದೆ. ಹೊಗೆ ಮಾತ್ರ ಊರಿನದ್ದೇ.