ಎಸ್‌ಟಿಟಿ ಏರಿತು, ಟ್ರೇಡರ್ ಲೆಕ್ಕ ಏನಾಯಿತು?

ಲೆಕ್ಕ ಬರೆಸಲು ನನ್ನ ಹತ್ತಿರ ಬರುವ ಆಪ್ಷನ್ (ಷೇರು ಅಥವಾ ಸೂಚ್ಯಂಕವನ್ನು ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು) ಟ್ರೇಡರ್‌ಗಳು ಮೊದಲು ತೋರಿಸುವುದು ಆ್ಯಪ್‌ನಲ್ಲಿ ಕಾಣುವ ಲಾಭ. ನಾನು ಕೇಳುವುದು ಕಾಂಟ್ರ್ಯಾಕ್ಟ್ ನೋಟ್, ಅಂದರೆ ವಹಿವಾಟು ಮತ್ತು ಶುಲ್ಕಗಳ ವಿವರ ಬರೆದು ಬ್ರೋಕರ್ ಕಳಿಸುವ ಬಿಲ್. ಅದರ ಕೆಳಗಡೆ ಎಸ್‌ಟಿಟಿ (ಸೆಕ್ಯುರಿಟೀಸ್ ಟ್ರಾನ್ಸಾಕ್ಷನ್ ಟ್ಯಾಕ್ಸ್) ಅಂತ ಒಂದು ಸಾಲಿರುತ್ತದೆ. ದಿನಕ್ಕೆ ಹತ್ತು ಸಲ ಕೊಂಡು ಮಾರುವವರು ಆ ಸಾಲನ್ನೇ ಮೊದಲು ನೋಡಬೇಕು.

ಈ ತೆರಿಗೆ ಬಂದಿದ್ದು 2004ರಲ್ಲಿ. ಆಪ್ಷನ್‌ನಲ್ಲಿ ಮಾರುವವರು ಪ್ರೀಮಿಯಂ, ಅಂದರೆ ಆಪ್ಷನ್‌ನ ಬೆಲೆಯ ಮೇಲೆ ಕೊಡಬೇಕು. 2023ರ ಏಪ್ರಿಲ್‌ನಿಂದ ಶೇ 0.0625 ಇತ್ತು. 2024ರ ಅಕ್ಟೋಬರ್ 1ರಿಂದ ಶೇ 0.1 ಆಯಿತು. 2026ರ ಏಪ್ರಿಲ್ 1ರಿಂದ ಶೇ 0.15. ಇದು ಲಾಭದ ಮೇಲಿನ ತೆರಿಗೆ ಅಲ್ಲ, ವಹಿವಾಟಿನ ಮೇಲಿನದು. ಗೆದ್ದರೂ ಕಟ್ಟಬೇಕು, ಸೋತರೂ ಕಟ್ಟಬೇಕು.

ನಿಫ್ಟಿ ಆಪ್ಷನ್ 20 ಲಾಟ್, ಅಂದರೆ 1,300 ಯೂನಿಟ್, 100 ರೂಪಾಯಿಗೆ ಕೊಂಡು 102ಕ್ಕೆ ಮಾರಿದಿರಿ ಅಂದುಕೊಳ್ಳಿ. ಸ್ಕ್ರೀನ್ ಮೇಲೆ ಲಾಭ 2,600. ಎಸ್‌ಟಿಟಿ ಮೊದಲಾಗಿದ್ದರೆ ಸುಮಾರು 133 ರೂಪಾಯಿ, ಈಗ 199. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ 160ರ ಆಸುಪಾಸು. ಕೈಗೆ ಉಳಿಯುವುದು 2,240. ಅದೇ 98ಕ್ಕೆ ಸ್ಟಾಪ್‌ಲಾಸ್ (ನಷ್ಟ ಇಷ್ಟಕ್ಕೇ ನಿಲ್ಲಲಿ ಎಂದು ಮೊದಲೇ ಇಟ್ಟ ಮಾರಾಟದ ಬೆಲೆ) ಹೊಡೆದರೆ ಹೋಗುವುದು 2,600 ಅಲ್ಲ, 2,950. ಎರಡು ಪಾಯಿಂಟ್ ಗುರಿ, ಎರಡು ಪಾಯಿಂಟ್ ಸ್ಟಾಪ್‌ಲಾಸ್ ಇಟ್ಟುಕೊಂಡವರು ಅಸಲು ಉಳಿಸಿಕೊಳ್ಳಲು ನೂರಕ್ಕೆ 57 ಸಲ ಗೆಲ್ಲಬೇಕು. ಯೂನಿಟ್‌ಗೆ 15 ಪೈಸೆ ತಾನೇ ಅನ್ನಿಸಬಹುದು. ಆಪ್ಷನ್ ಬೆಲೆ ಏರಿಳಿಯುವುದು 5 ಪೈಸೆ ಲೆಕ್ಕದಲ್ಲಿ. ಅಂದರೆ ಮೂರು ಟಿಕ್ ತೆರಿಗೆಗೇ ಹೋಯಿತು.

ಒಂದೇ ಲಾಟ್ ಆಡುವವರ ಕಥೆ ಬೇರೆ. ಅವರನ್ನು ತಿನ್ನುವುದು ಎರಡು ಆರ್ಡರ್‌ಗೆ ತಲಾ 20 ರೂಪಾಯಿ ಬ್ರೋಕರೇಜ್. ಎಸ್‌ಟಿಟಿ ಹತ್ತು ರೂಪಾಯಿ ಅಷ್ಟೇ. ಆಪ್ಷನ್ ಮಾರಿ ಎಕ್ಸ್‌ಪೈರಿವರೆಗೆ, ಅಂದರೆ ಅದರ ಅವಧಿ ಮುಗಿಯುವವರೆಗೆ, ಕಾಯುವವರಿಗೂ ಈ ಏರಿಕೆಯ ಬಿಸಿ ಕಡಿಮೆ. ಪೆಟ್ಟು ಬಿದ್ದಿರುವುದು ಚಿಕ್ಕ ಲಾಭಕ್ಕೆ ಪದೇ ಪದೇ ಕೈ ಹಾಕುವ ಸ್ಕಾಲ್ಪರ್‌ಗಳಿಗೆ.

ಹಳಬರಿಗೆ ಇನ್ನೊಂದು ನೆನಪಿರುತ್ತದೆ. 2019ರ ಸೆಪ್ಟೆಂಬರ್‌ಗೆ ಮುಂಚೆ, ಎಕ್ಸ್‌ಪೈರಿವರೆಗೆ ಇಟ್ಟುಕೊಂಡ ಆಪ್ಷನ್ ಇನ್ ದ ಮನಿ ಆದರೆ, ಅಂದರೆ ಕೊನೆಗೆ ಹಣ ಬರುವಂತಿದ್ದರೆ, ಶೇ 0.125 ತೆರಿಗೆ ಪೂರ್ತಿ ಸೆಟಲ್‌ಮೆಂಟ್ ಬೆಲೆಯ (ಆ ದಿನದ ಷೇರು ಅಥವಾ ಸೂಚ್ಯಂಕದ ಅಂತಿಮ ಬೆಲೆ) ಮೇಲೆ ಬೀಳುತ್ತಿತ್ತು. ನಿಫ್ಟಿ 11,000 ಇದ್ದಾಗ ಯೂನಿಟ್‌ಗೆ 13.75 ರೂಪಾಯಿ. ಆಪ್ಷನ್‌ನಿಂದ ಬಂದಿದ್ದು 5 ರೂಪಾಯಿ ಆಗಿದ್ದರೆ, ಕಟ್ಟಿದ್ದು ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ! ಈಗ ಆ ಕಾಟ ಇಲ್ಲ. ಒಳಗಿನ ಮೌಲ್ಯದ, ಅಂದರೆ ಆಪ್ಷನ್‌ನಿಂದ ನಿಜವಾಗಿ ಬರುವ ಹಣದ, ಮೇಲಷ್ಟೇ ತೆರಿಗೆ, ಅದೂ ಶೇ 0.15.

2024-25ರಲ್ಲಿ ಎಫ್ ಆ್ಯಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ನೂರು ಮಂದಿ ಸಾಮಾನ್ಯ ಹೂಡಿಕೆದಾರರಲ್ಲಿ 91 ಮಂದಿ ಹಣ ಕಳೆದುಕೊಂಡರು ಎಂದು ಷೇರುಪೇಟೆ ನಿಯಂತ್ರಕ ಸೆಬಿಯೇ ಹೇಳಿದೆ. ತೆರಿಗೆ ಏರಿಸಿದರೆ ಅವರು ನಿಲ್ಲಿಸುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಕಟ್ಟಿದ ಎಸ್‌ಟಿಟಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ವ್ಯಾಪಾರದ ಖರ್ಚು ಎಂದು ಕಳೆಯಬಹುದು. ಎಷ್ಟೋ ಮಂದಿ ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ನಷ್ಟವಾಗಿದ್ದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಸಲ್ಲಿಸಿ. ಹಾಗಾದರೆ ಮಾತ್ರ ಅದನ್ನು ಮುಂದಿನ 8 ವರ್ಷದ ವ್ಯಾಪಾರದ ಲಾಭದಲ್ಲಿ ವಜಾ ಮಾಡಿಕೊಳ್ಳಬಹುದು.